ಅದೇ ಎಕ್ಸ್-ರೇ ಮೂಲ, ರೋಹಿತ ಮಾತ್ರ ಬೇರೆ ಯಾಕೆ?

ಪ್ರಶ್ನೆ: ತುಂಬಾ ಪ್ರಖರವಾದ ಎಕ್ಸ್-ರೇ ಮೂಲಗಳ ರೋಹಿತ (ಯಾವ ಶಕ್ತಿಯ ಕಿರಣ ಎಷ್ಟು ಬರುತ್ತದೆ ಅನ್ನುವುದು) ಕೆಲವೇ ವಾರಗಳಲ್ಲಿ ಬದಲಾಗುತ್ತದಂತೆ. ಅಷ್ಟು ದೊಡ್ಡ ವಸ್ತು ಇಷ್ಟು ಬೇಗ ಬದಲಾಗುವುದು ಹೇಗೆ? ನಮ್ಮೂರಿನ ದೂರದರ್ಶಕದಲ್ಲಿ ಅದು ಕಾಣುತ್ತದಾ?
– ಪಿಯುಸಿ ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಕಾಣುವುದಿಲ್ಲ. ನಿಮ್ಮೂರಿನ ದೂರದರ್ಶಕದ ಆಂಟೆನಾಗಳು ಹಿಡಿಯುವುದು ರೇಡಿಯೊ ಅಲೆಗಳನ್ನು. ಅವು ನೆಲದವರೆಗೂ ಬರುತ್ತವೆ. ಎಕ್ಸ್-ರೇಯನ್ನು ವಾತಾವರಣ ಮೇಲೆಯೇ ನುಂಗಿಬಿಡುತ್ತದೆ. ಇಸ್ರೊ 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹ ಹಾರಿಸಿದ್ದಕ್ಕೆ ಇದೂ ಒಂದು ಕಾರಣ.

ಇನ್ನು 'ದೊಡ್ಡ ವಸ್ತು' ಅಂದಿರಲ್ಲ, ಅದು ದೊಡ್ಡದಲ್ಲ. ಎಂ82 ಗ್ಯಾಲಕ್ಸಿಯಲ್ಲಿ ಎಕ್ಸ್-2 ಎಂಬ ಮೂಲವಿದೆ. ಅದನ್ನು ಕಪ್ಪುಕುಳಿ ಅಂದುಕೊಂಡಿದ್ದರು. 2014ರಲ್ಲಿ ನಾಸಾದ ಎಕ್ಸ್-ರೇ ಉಪಗ್ರಹ ನುಸ್ಟಾರ್‌ನ ಮಾಹಿತಿ ನೋಡಿದಾಗ ಅದು 1.37 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. ಕಪ್ಪುಕುಳಿ ಹಾಗೆ ಮಿಡಿಯುವುದಿಲ್ಲ. ಅದು ಸುಮಾರು 20 ಕಿಲೋಮೀಟರ್ ಅಗಲದ ನ್ಯೂಟ್ರಾನ್ ತಾರೆ, ಅಂದರೆ ಸತ್ತ ದೊಡ್ಡ ನಕ್ಷತ್ರದ ಕುಗ್ಗಿದ ತಿರುಳು! ಅಂಥ ತಾರೆ ಸಾಮಾನ್ಯವಾಗಿ ಬೆಳಗಬಹುದಾದ ಮಿತಿಗಿಂತ ಸುಮಾರು 100 ಪಟ್ಟು ಪ್ರಖರ. ನನಗೆ ಈಗಲೂ ಇದು ಬೆರಗು.

ಬದಲಾಗುವುದು ತಾರೆಯಲ್ಲ, ಅದರ ಸುತ್ತಲಿನ ಅನಿಲ. ಜೊತೆಯ ನಕ್ಷತ್ರದಿಂದ ಬರುವ ಅನಿಲ ತಟ್ಟೆಯಂತೆ ಸುತ್ತುತ್ತಾ ಒಳಗೆ ಬೀಳುತ್ತದೆ. ತೀರಾ ಒಳಗಿನ ಬಿಸಿ ಭಾಗದಿಂದ ಜಾಸ್ತಿ ಶಕ್ತಿಯ, ಅಂದರೆ ಗಡಸು ಎಕ್ಸ್-ರೇ ಬರುತ್ತದೆ. ಹೊರಗಿನ ಭಾಗದಿಂದ ಮೆದು ಎಕ್ಸ್-ರೇ. ಯಾವುದು ಎಷ್ಟು ಬಂತು ಅನ್ನುವ ಲೆಕ್ಕವೇ ರೋಹಿತ. ಅನಿಲ ಮಿತಿ ಮೀರಿ ಬಿದ್ದರೆ ತಟ್ಟೆ ಉಬ್ಬುತ್ತದೆ, ಬೆಳಕಿನ ಒತ್ತಡಕ್ಕೆ ಅನಿಲ ಗಾಳಿಯಾಗಿ ಹೊರಗೆ ಚಿಮ್ಮುತ್ತದೆ. ಒಲೆಗೆ ಸೌದೆ ತುರುಕಿದರೆ ಹೊಗೆಯಲ್ಲಿ ಉರಿ ಮರೆಯಾಗುತ್ತದಲ್ಲ, ಹಾಗೆ ಈ ಗಾಳಿ ಒಳಗಿನ ಬಿಸಿ ಭಾಗವನ್ನು ಮರೆಮಾಡುತ್ತದೆ. ಆಗ ಬೀಳುವ ಅನಿಲ ಹೆಚ್ಚಿದ್ದರೂ ನಮಗೆ ಬರುವ ಗಡಸು ಎಕ್ಸ್-ರೇ ಕಡಿಮೆಯಾಗಬಹುದು. ಒಟ್ಟು ಪ್ರಖರತೆ ಮಾತ್ರ ನೋಡಿದರೆ ಇದು ತಿಳಿಯುವುದೇ ಇಲ್ಲ.

ನಾವು ನೋಡುವ ಕೋನವೂ ಮುಖ್ಯ. ಎನ್‌ಜಿಸಿ 5907 ಗ್ಯಾಲಕ್ಸಿಯ ಒಂದು ಮೂಲದ ಪ್ರಖರತೆ ಸುಮಾರು 78 ದಿನಗಳಿಗೊಮ್ಮೆ ಏರಿಳಿಯುತ್ತದೆ. ತಟ್ಟೆ ಬುಗುರಿಯಂತೆ ಓಲಾಡುತ್ತಿರಬಹುದು ಅನ್ನುವುದು ಒಂದು ವಿವರಣೆ.

ಈ ಗಾಳಿ ಬರೀ ಊಹೆಯಲ್ಲ. 2016ರಲ್ಲಿ ಎನ್‌ಜಿಸಿ 1313 ಗ್ಯಾಲಕ್ಸಿಯ ಎಕ್ಸ್-1 ಎಂಬ ಇಂಥದೇ ಮೂಲದ ರೋಹಿತದಲ್ಲಿ, ಅನಿಲ ಕೆಲವು ಶಕ್ತಿಯ ಎಕ್ಸ್-ರೇಯನ್ನು ಹೀರಿದ್ದರಿಂದ ಆದ ಗೆರೆಗಳು ಸಿಕ್ಕವು. ಅವು ತಮ್ಮ ಜಾಗದಿಂದ ಸರಿದಿದ್ದವು. ಆ ಸರಿತವನ್ನು ಅಳೆದಾಗ, ಅನಿಲ ಬೆಳಕಿನ ವೇಗದ ಸುಮಾರು ಐದನೇ ಒಂದರಷ್ಟು ವೇಗದಲ್ಲಿ ನಮ್ಮ ಕಡೆಗೆ ನುಗ್ಗುತ್ತಿರುವುದು ಗೊತ್ತಾಯಿತು.