ವಾಪಸ್ ಬಂದ ಚೆಕ್ಕು

ಗಂಗಾವತಿ ಕಡೆಯ ಪಿಯುಸಿ ಹುಡುಗರಿಗೆ ಇಂಗ್ಲಿಷ್ ಭಾಷಣ ಓದಿಸುವಾಗ ಮೊದಲೆಲ್ಲ ನಾನು ಅರಿಸ್ಟಾಟಲ್‌ನಿಂದಲೇ ಶುರು ಮಾಡುತ್ತಿದ್ದೆ. ಕೇಳುವವರನ್ನು ಒಪ್ಪಿಸುವ ಮೂರು ದಾರಿಗಳು, ಈಥೋಸ್ (ಮಾತಾಡುವವರ ಮೇಲಿನ ನಂಬಿಕೆ), ಪೇಥೋಸ್ (ಭಾವನೆ), ಲೋಗೋಸ್ (ತರ್ಕ) ಎಂದು ಬೋರ್ಡಿನ ಮೇಲೆ ಬರೆದರೆ ಚೆಂದಾಗಿ ನೋಟ್ಸ್ ಮಾಡಿಕೊಳ್ಳುತ್ತಿದ್ದರು. ಭಾಷಣ ಮಾತ್ರ ಯಾರ ಕಿವಿಗೂ ಬಿದ್ದಿರುತ್ತಿರಲಿಲ್ಲ.

ಈಗ ಚೆಕ್ಕಿನಿಂದ ಶುರು ಮಾಡುತ್ತೇನೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದೆದುರು ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣ ಎಂದರೆ ಎಲ್ಲರಿಗೂ ‘ಐ ಹ್ಯಾವ್ ಎ ಡ್ರೀಮ್’. ಆ ಕನಸು ಬರುವುದು ಭಾಷಣ ಅರ್ಧ ದಾಟಿದ ಮೇಲೆ. ಅದಕ್ಕೂ ಮೊದಲು ಕಿಂಗ್ ಸಾಲದ ಮಾತಾಡುತ್ತಾರೆ: ದೇಶ ಕಟ್ಟಿದವರು ಎಲ್ಲರ ಹೆಸರಿಗೂ ಪ್ರಾಮಿಸರಿ ನೋಟು ಬರೆದುಕೊಟ್ಟಿದ್ದರು, ಕಪ್ಪು ಜನರ ಪಾಲಿಗೆ ಬಂದದ್ದು ಹಣವಿಲ್ಲದ ಚೆಕ್ಕು. ಕೊಟ್ಟ ಮಾತಿನಂತೆ ಸಾಲ ತೀರಿಸದಿರುವುದಕ್ಕೆ ಕಿಂಗ್ ಬಳಸುವ ‘ಡಿಫಾಲ್ಟ್’ ಪದಕ್ಕೆ ಹುಡುಗರಿಗೆ ಅರ್ಥ ಹೇಳಬೇಕಾಗಲಿಲ್ಲ. ಸೊಸೈಟಿ ನೋಟಿಸಿನ ಜೊತೆ ಎಂದೋ ಮನೆಗೆ ಬಂದ ಪದ ಅದು.

ಹಿಂದಿನ ಬೆಂಚಿನವನೊಬ್ಬ, ‘ಸರ, ನಮ್ಮಪ್ಪಗೂ ಭತ್ತದ ರೊಕ್ಕಕ್ಕ ಹಿಂಗ ಆಗಿತ್ರಿ’ ಅಂದ.

‘ಆಮ್ಯಾಲೆ?’

‘ಮತ್ತ ಅಂಗಡಿಗೆ ಹೋದ್ರು. ಬೈಲಿಲ್ರಿ. ನಿಮ್ಮಂಥ ಅಂಗಡ್ಯಾಗ ರೊಕ್ಕ ಇಲ್ಲಂದ್ರ ಯಾರ್ ನಂಬ್ತಾರ್ರಿ ಸಾವ್ಕಾರ್ರ, ಅಂದ್ರು.’

ನಾನು ಮುಂದಿನ ಸಾಲು ಓದಿದೆ. ನ್ಯಾಯದ ಬ್ಯಾಂಕು ದಿವಾಳಿಯಾಗಿದೆ ಎಂದರೆ ನಾವು ನಂಬುವುದಿಲ್ಲ ಎನ್ನುತ್ತಾರೆ ಕಿಂಗ್. ಕ್ಲಾಸು ಎದ್ದು ಕೂತಿತು.

ಆಮೇಲೆ ಕೆಲಸ ಹಗುರಾಯಿತು. ಬೇಡುವುದಕ್ಕೂ ಬಾಕಿ ಕೇಳುವುದಕ್ಕೂ ಇರುವ ಫರಕು ಅವರೇ ಹೇಳಿದರು. ‘ಬೈದಿದ್ರ ಅಂಗಡಿ ಬಾಗ್ಲಾ ಹಾಕ್ತಿದ್ರಲ್ರಿ’ ಎಂದಳು ಒಬ್ಬಳು. ಎದುರಿನವರ ಮರ್ಯಾದೆ ಉಳಿಸಿ, ಕೊಡಲೇಬೇಕಾದ ಜಾಗಕ್ಕೆ ತಂದು ನಿಲ್ಲಿಸುವ ಜಾಣತನಕ್ಕೆ ಗ್ರೀಕ್ ಹೆಸರನ್ನು ಆಮೇಲೆ ಕೊಟ್ಟರಾಯಿತು.

ಇಷ್ಟಾದ ಮೇಲೆ ಗಟ್ಟಿಯಾಗಿ ಓದಿಸುತ್ತೇನೆ. ‘ನೌ ಈಸ್ ದಿ ಟೈಮ್’ ಬೆನ್ನುಬೆನ್ನಿಗೆ 4 ಸಲ ಬರುವಲ್ಲಿ, ಹೇಳಿಕೊಡದಿದ್ದರೂ ದನಿ ಏರುತ್ತದೆ. ಉಚ್ಚಾರ ತಿದ್ದಲು ನಡುವೆ ಬಾಯಿ ಹಾಕುವುದಿಲ್ಲ. (ಹಾಕಿದ ವರ್ಷಗಳಲ್ಲಿ ಓದಲು ಯಾರೂ ಏಳುತ್ತಿರಲಿಲ್ಲ.)

ಕೊನೆಗೆ, ಸಂಜೆಯ ಬಸ್ಸು ಬೇಕೆಂದು ಡಿಪೋ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಿಸಿದೆ. ಮುಕ್ಕಾಲು ಪಾಲು ‘ಐ ಹಂಬ್ಲಿ ರಿಕ್ವೆಸ್ಟ್’ ಎಂದೇ ಶುರುವಾಗಿದ್ದವು. ತಪ್ಪು ಅವರದಲ್ಲ, ರಜೆ ಅರ್ಜಿ ಬರೆಸಿ ಬರೆಸಿ ಕೈಮುಗಿಯುವ ಇಂಗ್ಲಿಷನ್ನೇ ಕಲಿಸಿದವರು ನಾವು. ಹಿಂದಿನ ಬೆಂಚಿನವನದು ಎರಡೇ ಸಾಲು, ಸ್ಪೆಲ್ಲಿಂಗ್ ತಪ್ಪು ಮೂರು: ‘ಪಾಸಿಗೆ ದುಡ್ಡು ಕಟ್ಟಿದ್ದೇವೆ. ನಿಮ್ಮ ಡಿಪೋದಲ್ಲಿ ಬಸ್ಸಿಲ್ಲ ಎಂದರೆ ನಂಬುವುದು ಹೇಗೆ?’