40 ಎಂಬಿಪಿಎಸ್ ಬರುತ್ತಿದೆ, ಆದರೂ ಗೇಮ್ ಯಾಕೆ ಲ್ಯಾಗ್ ಹೊಡೆಯುತ್ತೆ?

ಪ್ರಶ್ನೆ: ನಮ್ಮದು ಬೆಂಗಳೂರು ಪಕ್ಕದ ಹೊಸಕೋಟೆ ತಾಲ್ಲೂಕಿನ ಒಂದು ಹಳ್ಳಿ. ಫೈಬರ್ ಇನ್ನೂ ನಮ್ಮ ಬೀದಿಗೆ ಬಂದಿಲ್ಲ. ಮಹಡಿ ಮೇಲೆ ಡಬ್ಬ ಕೂರಿಸಿ 5ಜಿ ಇಂಟರ್ನೆಟ್ ಹಾಕಿಸಿದ್ದೇವೆ. ಸ್ಪೀಡ್ ಟೆಸ್ಟ್ ಮಾಡಿದರೆ 40 ಎಂಬಿಪಿಎಸ್ ತೋರಿಸುತ್ತದೆ. ಆದರೆ ರಾತ್ರಿ ಎಂಟಾಯಿತು ಅಂದರೆ ಮಗನ ಗೇಮ್ ತಡವರಿಸುತ್ತದೆ, ಟಿವಿಯಲ್ಲಿ ಸಿನಿಮಾ ಹಾಕಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. 100 ಎಂಬಿಪಿಎಸ್ ಪ್ಲಾನ್‌ಗೆ ಹೋದರೆ ಸರಿಹೋಗುತ್ತಾ?

ಉತ್ತರ: ಸದ್ಯಕ್ಕೆ ಬೇಡ, ದುಡ್ಡು ಜೇಬಲ್ಲೇ ಇರಲಿ. 40 ಅಂದರೆ ಕಡಿಮೆ ಏನಲ್ಲ. ನೆಟ್‌ಫ್ಲಿಕ್ಸ್‌ನವರೇ ಹೇಳುವ ಲೆಕ್ಕದಲ್ಲಿ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು, 4ಕೆಗೆ 15. ಗೇಮ್ ಆಡುವಾಗ ಹೋಗಿ ಬರುವ ಡೇಟಾ ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಮುಟ್ಟುವುದಿಲ್ಲ. (ಗೇಮ್ ಅಪ್‌ಡೇಟ್ ಕಥೆ ಬೇರೆ. ಅದು ಬಕಾಸುರ.)

ಗೇಮ್‌ಗೆ ಬೇಕಾಗಿರುವುದು ಪಿಂಗ್. ನಿಮ್ಮ ಮನೆಯಿಂದ ಹೊರಟ ಡೇಟಾ ಸರ್ವರ್ ಮುಟ್ಟಿ ವಾಪಸ್ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅನ್ನುವುದೇ ಪಿಂಗ್. 50ರ ಒಳಗಿದ್ದರೆ ಆರಾಮ. 100 ದಾಟಿದರೆ ಮಗ ಬಟನ್ ಒತ್ತುವಷ್ಟರಲ್ಲಿ ಎದುರಿನವನು ಹೊಡೆದಾಗಿರುತ್ತದೆ. ಒಂದೇ ಸಮ 80 ಇದ್ದರೂ ಹೇಗೋ ಆಡಬಹುದು, 30ರಿಂದ 300ಕ್ಕೆ ಕುಣಿಯುವ ಪಿಂಗ್ ಇಟ್ಟುಕೊಂಡು ಆಡೋಕೆ ಆಗಲ್ಲ.

ದೂರ ಜಾಸ್ತಿ ಅದಕ್ಕೇ ಪಿಂಗ್ ಜಾಸ್ತಿ ಅಂತ ಕೆಲವರು ಹೇಳುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. ಟವರಿನಿಂದ ಆಚೆಯ ದೂರದ ದಾರಿ ಫೈಬರ್‌ನದು, ಅದರೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ವ್ಯಾಲರಂಟ್‌ನಂಥ ಆಟಕ್ಕೆ ಮುಂಬೈಯಲ್ಲಿ ಸರ್ವರ್ ಇದೆ. ಇಲ್ಲಿಂದ ಮುಂಬೈ ಸುಮಾರು 1000 ಕಿಲೋಮೀಟರ್. ಹೋಗಿ ಬರಲು 10 ಮಿಲಿಸೆಕೆಂಡ್. ದಾರಿಯಲ್ಲಿ ಅಲ್ಲಲ್ಲಿ ನಿಂತು ಹೋದರೂ 30 ಆಗಬಹುದು. ಆದ್ದರಿಂದ ನಿಮ್ಮ ಪಿಂಗ್ 150 ಇದ್ದರೆ ಬಹುಪಾಲು ತಡ ಆಗುತ್ತಿರುವುದು ಮನೆಯೊಳಗೆ, ಇಲ್ಲವೇ ಮನೆಗೂ ಟವರಿಗೂ ನಡುವೆ. ಎಲ್ಲಿ ಅಂತ ಮೊದಲು ಹಿಡಿಯಬೇಕು.

ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ರೂಟರ್‌ನ ವಿಳಾಸಕ್ಕೆ ಪಿಂಗ್ ಹೊಡೆಯಿರಿ (ping ಅಂತ ಬರೆದು, ಜಾಗ ಬಿಟ್ಟು ವಿಳಾಸ ಹಾಕಿ, ಎಂಟರ್ ಒತ್ತಿ). ಹಲವು ರೂಟರ್‌ಗಳಲ್ಲಿ 192.168.1.1 ಇರುತ್ತದೆ, ರೂಟರ್ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಆಮೇಲೆ 8.8.8.8ಕ್ಕೆ, ಅದು ಗೂಗಲ್‌ನ ಸರ್ವರ್. ರೂಟರ್ ಮನೆಯಲ್ಲೇ ಇದೆ, ಅಲ್ವಾ? ಅಲ್ಲಿಂದ ಉತ್ತರ 2-3 ಮಿಲಿಸೆಕೆಂಡಿಗೆ ಬರಬೇಕು. ಅದೇ ಆಗಾಗ 50, 80 ತೋರಿಸುತ್ತಿದ್ದರೆ ತಪ್ಪು ಕಂಪನಿಯದಲ್ಲ, ನಿಮ್ಮ ವೈಫೈದು.

ನಮ್ಮ ಕಡೆಯ ಮನೆಗಳಲ್ಲಿ ವೈಫೈಗೆ ದೊಡ್ಡ ಶತ್ರು ಸೈಜುಗಲ್ಲಿನ ಗೋಡೆ. ಹಳೇ ಮನೆ ಕಲ್ಲಿನದು, ಪಕ್ಕಕ್ಕೆ ಸೇರಿಸಿ ಕಟ್ಟಿದ ಹೊಸ ರೂಮು ಇಟ್ಟಿಗೆಯದು, ರೂಟರ್ ನಡುಮನೆಯ ಟಿವಿ ಹಿಂದೆ, ಮಗ ಹೊಸ ರೂಮಿನಲ್ಲಿ. ಸಿಗ್ನಲ್ ಆ ಕಲ್ಲು ದಾಟುವಷ್ಟರಲ್ಲಿ ಸುಸ್ತಾಗಿರುತ್ತದೆ. ವೈಫೈನ ಎರಡು ಬ್ಯಾಂಡ್‌ಗಳಲ್ಲಿ 2.4 ಗಿಗಾಹರ್ಟ್ಸ್ ಹೇಗೋ ದಾಟುತ್ತದೆ, 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಸೋಲುತ್ತದೆ. ರಿಪೀಟರ್ ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಅಗ್ಗದ ರಿಪೀಟರ್ ಇದ್ದ ವೇಗವನ್ನೇ ಅರ್ಧ ಮಾಡಿ ಹಂಚುತ್ತದೆ, ಪಿಂಗ್ ಇನ್ನಷ್ಟು ಕುಣಿಯುತ್ತದೆ. ಅದರ ಬದಲು 20 ಮೀಟರ್ ಕ್ಯಾಟ್ 6 ಲ್ಯಾನ್ ಕೇಬಲ್ ತಂದು, ವೆಂಟಿಲೇಟರ್ ಸಂದಿಯಲ್ಲಿ ಎಳೆದು ನೇರ ಕಂಪ್ಯೂಟರ್‌ಗೆ ಚುಚ್ಚಿ. ನೋಡೋಕೆ ಚೆಂದ ಇರಲ್ಲ, ಆದರೆ ಇದಕ್ಕಿಂತ ಅಗ್ಗದ ಮದ್ದು ಇನ್ನೊಂದಿಲ್ಲ. 100 ಮೀಟರ್‌ವರೆಗೂ ಒಂದೇ ಕೇಬಲ್ ಸಾಕು.

ರೂಟರ್ ಸರಿಯಿದ್ದು 8.8.8.8 ಮಾತ್ರ ಕುಣಿಯುತ್ತಿದ್ದರೆ ಮಹಡಿ ಹತ್ತಿ. ಡಬ್ಬ ಸಿಂಟೆಕ್ಸ್ ಟ್ಯಾಂಕ್ ಹಿಂದೆ ಕೂತಿದೆಯಾ ನೋಡಿ. ಹಾಕುವವರಿಗೆ ಕ್ಲ್ಯಾಂಪ್ ಹೊಡೆಯಲು ಸುಲಭದ ಜಾಗ ಅದೇ, ಆದರೆ ತುಂಬಿದ ಟ್ಯಾಂಕ್ ಸಿಗ್ನಲ್‌ಗೆ ಗೋಡೆ ಇದ್ದ ಹಾಗೆ. ನೀಲಗಿರಿ ತೋಪು ಟವರಿಗೆ ಅಡ್ಡ ಇದ್ದರೂ ಅದೇ ಪಾಡು, ಮಳೆಯಲ್ಲಿ ಎಲೆ ನೆನೆದಾಗ ಇನ್ನೂ ಜಾಸ್ತಿ. ಕಂಪನಿಯ ಆ್ಯಪ್‌ನಲ್ಲೋ ರೂಟರ್‌ನ ಪೇಜಿನಲ್ಲೋ ಆರ್‌ಎಸ್‌ಆರ್‌ಪಿ ಅನ್ನುವ ಅಂಕಿ ಸಿಕ್ಕರೆ ಗಮನಿಸಿ. ಮೈನಸ್ 80ರ ಆಸುಪಾಸು ಇದ್ದರೆ ಗಟ್ಟಿ ಸಿಗ್ನಲ್, ಮೈನಸ್ 110 ಅಂದರೆ ಉಸಿರು ಹಿಡಿದುಕೊಂಡಿದೆ ಅಂತ. ಹತ್ತು ಅಡಿ ಪೈಪ್ ಹಾಕಿ ಎತ್ತರಿಸಿ, ಟವರ್ ಕಡೆ ಮುಖ ತಿರುಗಿಸಿದರೆ ಎಷ್ಟೋ ಮನೆಗಳಲ್ಲಿ ಅಷ್ಟೇ ಸಾಕಾಗುತ್ತದೆ.

ಇನ್ನು ರಾತ್ರಿ ಎಂಟರ ಸಮಸ್ಯೆ. ಇದನ್ನು ನಾನೇ ಅನುಭವಿಸಿದ್ದೇನೆ. ನನ್ನ ಅಕ್ಕನ ಮನೆ ದೇವನಹಳ್ಳಿಯಿಂದ ಅದೇ ತಾಲ್ಲೂಕಿನ ವಿಜಯಪುರಕ್ಕೆ ಹೋಗುವ ದಾರಿಯಲ್ಲಿ. ಬೆಳಗ್ಗೆ ಪಿಂಗ್ 35, ರಾತ್ರಿ 400. ಕಂಪನಿಗೆ ಬೈದಿದ್ದೇ ಬೈದಿದ್ದು. ಕೊನೆಗೆ ಒಂದು ರಾತ್ರಿ ಕೂತು ಮನೆಯ ಒಂದೊಂದೇ ಸಾಧನವನ್ನು ವೈಫೈನಿಂದ ಬಿಡಿಸುತ್ತಾ ಬಂದೆ. ಫೋನು, ಟಿವಿ, ಲ್ಯಾಪ್‌ಟಾಪ್, ಏನೂ ಬದಲಾಗಲಿಲ್ಲ. ರೇಷ್ಮೆ ಹುಳು ಮನೆಗೆ ಭಾವ ಹಾಕಿಸಿದ್ದ ಎರಡು ಕ್ಯಾಮೆರಾ ತೆಗೆದೆ. ಪಿಂಗ್ 38ಕ್ಕೆ ಇಳಿಯಿತು. ಕತ್ತಲಾದ ಮೇಲೆ ದೀಪದ ಸುತ್ತ ಹಾರುವ ಹುಳ ಹುಪ್ಪಟೆಯನ್ನೆಲ್ಲ ಕಳ್ಳ ಅಂದುಕೊಂಡು ಎರಡೂ ಕ್ಯಾಮೆರಾ ರಾತ್ರಿಯಿಡೀ ವಿಡಿಯೊ ಅಪ್‌ಲೋಡ್ ಮಾಡುತ್ತಿದ್ದವು!

ಆಗುವುದು ಇಷ್ಟು. ಇಂಥ ಸಂಪರ್ಕದಲ್ಲಿ ಡೌನ್‌ಲೋಡ್‌ಗಿಂತ ಅಪ್‌ಲೋಡ್ ಬಹಳ ಸಣ್ಣದು. ಅದು ತುಂಬಿದರೆ ಉಳಿದ ಡೇಟಾವನ್ನು ರೂಟರ್ ಸಾಲಿನಲ್ಲಿ ನಿಲ್ಲಿಸುತ್ತದೆ. ಕೆ.ಆರ್. ಪುರದ ತೂಗು ಸೇತುವೆ ಹತ್ತಿರ ಲಾರಿಗಳ ಹಿಂದೆ ಬೈಕ್ ಸಿಕ್ಕಿಕೊಂಡ ಹಾಗೆ. ಬೈಕಿಗೆ ಬೇಕಾಗಿದ್ದು ಒಂದು ಗೇಣು ಜಾಗ, ಅದೂ ಸಿಗಲ್ಲ. ಗೇಮ್‌ನ ಪುಟ್ಟ ಡೇಟಾ ಆ ಬೈಕ್. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. ಬರಿಯ ಸ್ಪೀಡ್ ಅಂಕಿಯಲ್ಲಿ ಇದು ಕಾಣುವುದಿಲ್ಲ.

ನಿಮ್ಮ ಮನೆಯಲ್ಲಿ ಕ್ಯಾಮೆರಾ ಇಲ್ಲದಿರಬಹುದು. ಕೆಲಸದಿಂದ ಬಂದವರ ಫೋನ್ ವೈಫೈ ಸಿಕ್ಕ ಕೂಡಲೇ ಫೋಟೊ ಬ್ಯಾಕಪ್ ಶುರುಮಾಡುತ್ತದೆ, ಮದುವೆಗೆ ಹೋಗಿ ಬಂದ ದಿನವಂತೂ ಕೇಳಲೇಬೇಡಿ. ಬ್ಯಾಕಪ್ ರಾತ್ರಿ ನಿಲ್ಲಿಸಿಡಿ. ರೂಟರ್‌ನಲ್ಲಿ ಡೇಟಾದ ಸಾಲನ್ನು ನಿಭಾಯಿಸುವ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಅನ್ನುವ ಆಯ್ಕೆ ಇದ್ದರೆ ಆನ್ ಮಾಡಿ, ರಾತ್ರಿ ಹೊತ್ತು ನಿಜವಾಗಿ ಸಿಗುವ ವೇಗದ 85 ಶೇಕಡಾದಷ್ಟನ್ನು ಮಿತಿಯಾಗಿ ಹಾಕಿ. ಸ್ವಲ್ಪ ಸ್ಪೀಡ್ ಹೋಗುತ್ತದೆ, ಸಾಲು ಕರಗುತ್ತದೆ. ಕಂಪನಿ ಕೊಟ್ಟ ರೂಟರ್‌ಗಳಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಇರುವುದಿಲ್ಲ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ದೊಡ್ಡ ಪ್ಲಾನ್‌ಗಲ್ಲ, ಇದಿರುವ ರೂಟರ್‌ಗೆ ಮಾಡಿ.

ಎಲ್ಲ ಸಾಧನ ಬಿಡಿಸಿದ ಮೇಲೂ ರಾತ್ರಿ ಒಂಬತ್ತಕ್ಕೆ 200, ಬೆಳಗಿನ ಐದಕ್ಕೆ 30 ಇದ್ದರೆ ಟವರೇ ತುಂಬಿದೆ ಅಂತ ಅರ್ಥ. ಅಲ್ಲಿ 100ರ ಪ್ಲಾನ್‌ನವರೂ ನಿಮ್ಮ ಜೊತೆಗೇ ಸಾಲಿನಲ್ಲಿ ನಿಂತಿರುತ್ತಾರೆ. ರಾತ್ರಿ ಒಂಬತ್ತಕ್ಕೇ ನೆಂಟರ ಬೇರೆ ಕಂಪನಿಯ ಸಿಮ್ ಇಸಿದುಕೊಂಡು ಮಹಡಿ ಮೇಲೆ ಪಿಂಗ್ ನೋಡಿ, ಮಧ್ಯಾಹ್ನ ನೋಡಿದರೆ ಪ್ರಯೋಜನ ಇಲ್ಲ. ಜೊತೆಗೆ ಪಂಚಾಯ್ತಿ ಕಟ್ಟಡಕ್ಕೆ ಸರ್ಕಾರದ ಭಾರತ್‌ನೆಟ್ ಫೈಬರ್ ಬಂದಿದೆಯಾ, ಅಲ್ಲಿಂದ ನಿಮ್ಮ ಬೀದಿಗೆ ಎಳೆಯುವವರು ಯಾರಾದರೂ ಇದ್ದಾರಾ ಅಂತ ಕೇಬಲ್‌ನವರನ್ನು ಕೇಳಿ. ಫೈಬರ್ ಸಿಕ್ಕ ದಿನವೂ 40ರ ಪ್ಲಾನ್ ಹಾಕಿಸಿದರೆ ಸಾಕು.