ಚೀಲದ ಮೇಲಿನ ಮೂರು ಅಂಕಿಗಳು ಮತ್ತು ಕರಾವಳಿಯ ಕೆಂಪು ಮಣ್ಣು

ಭತ್ತದ ಕೊಯ್ಲು ಮುಗಿದು ಗದ್ದೆಯ ತೇವ ಇನ್ನೂ ಪೂರ್ತಿ ಆರದ ದಿನಗಳಲ್ಲಿ ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿಯಲ್ಲಿ ತರಕಾರಿಯ ಕೆಲಸ ಶುರುವಾಗುತ್ತದೆ. ಹರಿವೆ, ಬೆಂಡೆ, ಬದನೆ, ಅಲಸಂದೆ, ಮೊಗೆಕಾಯಿಗಳಿಗೆ ಮಡಿ ಸಿದ್ಧವಾಗುವ ಹೊತ್ತಿಗೆ ಸೊಸೈಟಿಯ ಗೋದಾಮಿನಲ್ಲಿ ಗೊಬ್ಬರದ ಚೀಲಗಳೂ ಬಂದು ಇಳಿದಿರುತ್ತವೆ. ಅಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ‘ಇದರಲ್ಲಿ ಯಾವುದು ಸ್ಟ್ರಾಂಗ್?’ ಎಂಬುದು. ಚೀಲದ ಮೇಲಿನ ಅಂಕಿ ದೊಡ್ಡದಿದ್ದರೆ ಗೊಬ್ಬರ ಬಲವಾದದ್ದು, ಮೂರೂ ಅಂಕಿಗಳು ಸಮವಾಗಿದ್ದರೆ ಅದು ಸಮತೋಲನದ ಗೊಬ್ಬರ ಎಂಬ ಎರಡು ನಂಬಿಕೆಗಳು ನಮ್ಮಲ್ಲಿ ಬಲವಾಗಿ ಬೇರೂರಿವೆ. ಎರಡೂ ತಪ್ಪು ನಂಬಿಕೆಗಳೇ. ಇವುಗಳಿಂದ ರೈತರ ಹಣ ಮಣ್ಣುಪಾಲಾಗುತ್ತಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ ಮತ್ತು ಪೊಟ್ಯಾಷ್‌ಗಳ ಶೇಕಡಾ ಪ್ರಮಾಣವನ್ನು ಹೇಳುತ್ತವೆ. 10:26:26 ಎಂದು ಬರೆದ 50 ಕಿಲೋ ಚೀಲದಲ್ಲಿ 5 ಕಿಲೋ ಸಾರಜನಕವೂ ರಂಜಕ, ಪೊಟ್ಯಾಷ್ ತಲಾ 13 ಕಿಲೋದಷ್ಟೂ ಇರುತ್ತವೆ. ರಂಜಕ, ಪೊಟ್ಯಾಷ್‌ಗಳನ್ನು ಆಕ್ಸೈಡ್ ರೂಪದಲ್ಲಿ ಲೆಕ್ಕ ಹಾಕುವ ಹಳೆಯ ರೂಢಿ ಇನ್ನೂ ಉಳಿದುಕೊಂಡಿದೆ. ಶಿಫಾರಸುಗಳೂ ಅದೇ ಲೆಕ್ಕದಲ್ಲಿ ಇರುವುದರಿಂದ ರೈತರಿಗೆ ಇದರಿಂದ ತೊಂದರೆಯಿಲ್ಲ.

ನಾವು ಸಡಿಲವಾಗಿ ‘ಮಿಶ್ರ ಗೊಬ್ಬರ’ ಎಂದು ಕರೆಯುವುದರಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಕಾಂಪ್ಲೆಕ್ಸ್ ಗೊಬ್ಬರದಲ್ಲಿ ಪೋಷಕಾಂಶಗಳನ್ನು ಕಾರ್ಖಾನೆಯಲ್ಲಿಯೇ ಒಟ್ಟುಗೂಡಿಸಿ ಕಾಳು ಕಟ್ಟಿರುತ್ತಾರೆ. ಯಾವ ಕಾಳನ್ನು ಎತ್ತಿಕೊಂಡರೂ ಅದರಲ್ಲಿ ಹೆಚ್ಚುಕಡಿಮೆ ಅದೇ ಪ್ರಮಾಣ ಇರುತ್ತದೆ. ಕಾಳುಗಳನ್ನು ಹಾಗೆಯೇ ಬೆರೆಸಿದ ಮಿಶ್ರಣವನ್ನು ಅಂಗೈಯಲ್ಲಿ ಹರಡಿ ನೋಡಿದರೆ ಯೂರಿಯಾದ ಬಿಳಿ ಕಾಳು, ಸಾರಜನಕ, ರಂಜಕ ಎರಡೂ ಇರುವ ಡಿಎಪಿಯ ಕಂದು ಅಥವಾ ಕಪ್ಪು ಕಾಳು, ಪೊಟ್ಯಾಷಿನ ಇಟ್ಟಿಗೆ ಬಣ್ಣದ ಹರಳು ಬೇರೆ ಬೇರೆಯಾಗಿ ಕಾಣಿಸುತ್ತವೆ. ಇದು ಕಲಬೆರಕೆಯೇನಲ್ಲ. ಆದರೆ ಕಾಳುಗಳ ಗಾತ್ರದಲ್ಲಿ ವ್ಯತ್ಯಾಸವಿದ್ದರೆ ಸಾಗಣೆಯ ಕುಲುಕಾಟದಲ್ಲಿ ಸಣ್ಣವು ತಳಕ್ಕೆ ಇಳಿದು ದಪ್ಪನೆಯವು ಮೇಲೆ ಉಳಿಯುತ್ತವೆ. ಚೀಲದ ಬಾಯಿಂದ ತೆಗೆದ ಮೊದಲ ಬುಟ್ಟಿಗೂ ತಳದ ಕೊನೆಯ ಬುಟ್ಟಿಗೂ ಸಾರದಲ್ಲಿ ಅಂತರ ಬೀಳುತ್ತದೆ. ಆದ್ದರಿಂದ ಅಂಥ ಚೀಲವನ್ನು ತಾಡಪಾಲಿನ ಮೇಲೆ ಪೂರ್ತಿ ಸುರಿದು, ಇನ್ನೊಮ್ಮೆ ಬೆರೆಸಿ ಬಳಸುವುದು ಒಳ್ಳೆಯದು. ಗಾತ್ರ ಸಮನಾಗಿರುವ ಮಿಶ್ರಣವನ್ನೇ ಆರಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಈಗ ನಮ್ಮ ಮಣ್ಣಿನ ವಿಷಯಕ್ಕೆ ಬರೋಣ. ನಿಜವಾದ ಕಥೆ ಇರುವುದು ಅಲ್ಲಿ. ಮನೆಯ ಗೋಡೆಗೆ ನಾವು ಬಳಸುವ ಚಿರೇಕಲ್ಲಿಗೆ ‘ಲ್ಯಾಟರೈಟ್’ ಎಂಬ ವೈಜ್ಞಾನಿಕ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಆತ 1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರು ಸೀಮೆಗಳನ್ನು ಸುತ್ತಿ ಬರೆದ ವಿವರಗಳು 1807ರಲ್ಲಿ ಪ್ರಕಟವಾದವು. ನೆಲದಲ್ಲಿರುವಾಗ ಕಬ್ಬಿಣದ ಆಯುಧಕ್ಕೆ ಸುಲಭವಾಗಿ ತುಂಡಾಗುವ, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವ ಆ ಕಲ್ಲಿನ ಗುಣವನ್ನು ಅವನು ಗಮನಿಸಿದ್ದ. ಆ ಗಟ್ಟಿತನಕ್ಕೂ ಅದರ ಕೆಂಪಿಗೂ ಕಾರಣ ಕಬ್ಬಿಣದ ಆಕ್ಸೈಡುಗಳು. ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು, ಕೆಲವೆಡೆ ಅದಕ್ಕೂ ಹೆಚ್ಚು ಸುರಿಯುವ ಮಳೆ ಯುಗಯುಗಗಳಿಂದ ಈ ನೆಲದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷಿಯಂಗಳನ್ನು ತೊಳೆದುಕೊಂಡು ಹೋಗಿದೆ. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹಿಂದೆ ಉಳಿದಿವೆ. ಆದ್ದರಿಂದಲೇ ನಮ್ಮ ಕೆಂಪು ಮಣ್ಣು ಹುಳಿ ಮಣ್ಣು.

ಇಂಥ ಮಣ್ಣಿಗೆ ಬಿದ್ದ ರಂಜಕಕ್ಕೆ ಏನಾಗುತ್ತದೆ? ಗೊಬ್ಬರದ ಕಾಳು ಮಣ್ಣಿನ ತೇವವನ್ನು ಹೀರಿಕೊಂಡು ಒಳಗಿನ ರಂಜಕವನ್ನು ಫಾಸ್ಫೇಟ್ ರೂಪದ ದ್ರಾವಣವಾಗಿ ಹೊರಕ್ಕೆ ಬಿಡುತ್ತದೆ. ಆ ಫಾಸ್ಫೇಟು ಕೆಲವೇ ಮಿಲಿಮೀಟರ್, ಹೆಚ್ಚೆಂದರೆ ಎರಡು ಮೂರು ಸೆಂಟಿಮೀಟರ್ ಸರಿಯುವಷ್ಟರಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳ ಮೇಲ್ಮೈಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದು ದಿನ ಕಳೆದಂತೆ ಇನ್ನಷ್ಟು ಬಿಗಿಯಾಗುತ್ತದೆ. ಮಣ್ಣಿನಲ್ಲಿ ರಂಜಕ ಇದ್ದೂ ಬೇರಿಗೆ ಸಿಗದ ಸ್ಥಿತಿ ಇದು. ಹತ್ತು ಹದಿನೈದು ದಿನ ಕಳೆದ ಮೇಲೆ ಗಿಡದ ಬುಡ ಕೆದಕಿ, ಅಲ್ಲಿ ಕಾಳು ಹಾಗೆಯೇ ಇರುವುದನ್ನು ಕಂಡು ‘ಗೊಬ್ಬರ ಕರಗಲೇ ಇಲ್ಲ, ಇದು ಡೂಪ್ಲಿಕೇಟ್ ಮಾಲು’ ಎಂದು ಸಿಟ್ಟಾಗುವವರು ಅನೇಕರಿದ್ದಾರೆ. ಆ ಕಾಳನ್ನು ಎರಡು ಬೆರಳ ನಡುವೆ ಇಟ್ಟು ಒತ್ತಿ ನೋಡಬೇಕು. ಅದು ಮೆತ್ತಗೆ ಜೇಡಿಯಂತೆ ಹಿಸುಕಿಹೋದರೆ, ಸಾರವೆಲ್ಲ ಹೊರಟುಹೋಗಿ ಕರಗದ ತುಂಬುವಸ್ತು ಮಾತ್ರ ಕಾಳಿನ ಆಕಾರದಲ್ಲಿ ಉಳಿದಿದೆ ಎಂದು ತಿಳಿಯಬಹುದು.

ಆದುದರಿಂದ ರಂಜಕವಿರುವ ಗೊಬ್ಬರವನ್ನು ಮಡಿಯ ತುಂಬ ಎರಚುವುದು ನಮ್ಮ ಕಡೆಯ ಮಟ್ಟಿಗೆ ದುಬಾರಿಯ ಪದ್ಧತಿ. ಎರಚಿದಷ್ಟೂ ಕಾಳಿಗೆ ತಗಲುವ ಮಣ್ಣು ಹೆಚ್ಚು, ಬಂಧಿತವಾಗುವ ರಂಜಕವೂ ಹೆಚ್ಚು. ಬೀಜದ ಸಾಲಿನಿಂದ ನಾಲ್ಕು ಬೆರಳು ಪಕ್ಕಕ್ಕೆ, ಬೀಜಕ್ಕಿಂತ ಸ್ವಲ್ಪ ಆಳಕ್ಕೆ ಗೀರು ತೆಗೆದು, ಪಟ್ಟಿಯಾಗಿ ಹಾಕಿ ಮುಚ್ಚಿದರೆ ಸುತ್ತಲಿನ ಸ್ವಲ್ಪ ಮಣ್ಣು ತನ್ನ ಪಾಲು ಹೀರಿಕೊಂಡ ಮೇಲೂ ಬೇರಿಗೆ ಸಾಕಷ್ಟು ಉಳಿಯುತ್ತದೆ. ಅದೇ ಗೀರಿನಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಹಾಕುವುದು ಇನ್ನೂ ಲಾಭದಾಯಕ. ಹಲಸಿನ ಹಣ್ಣು ಬಿಡಿಸುವ ಮುನ್ನ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಮೇಣ ಅಂಟದಿರುವಂತೆ, ಕಳಿತ ಗೊಬ್ಬರದ ಸಾವಯವ ಆಮ್ಲಗಳು ಆಕ್ಸೈಡುಗಳ ಮೇಲ್ಮೈಯನ್ನು ಮೊದಲೇ ಆವರಿಸಿಕೊಂಡು ಫಾಸ್ಫೇಟಿಗೆ ಅಂಟಲು ಜಾಗ ಕಡಿಮೆ ಮಾಡುತ್ತವೆ. ಸೊಪ್ಪಿನಬೆಟ್ಟದ ದರಕನ್ನು (ಉದುರಿದ ಒಣ ಎಲೆಗಳನ್ನು) ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವ ನಮ್ಮ ಹಿರಿಯರ ರೂಢಿಗೂ ಅಂಗಡಿಯ ಗೊಬ್ಬರಕ್ಕೂ ವೈರವಿದೆ ಎಂದು ವಾದಿಸುವವರು ಈ ರಸಾಯನ ಕ್ರಿಯೆಯನ್ನು ಒಮ್ಮೆ ಗಮನಿಸಬೇಕು: ಹುಳಿ ಮಣ್ಣಿನಲ್ಲಿ ಮೊದಲನೆಯದಿದ್ದರೆ ಎರಡನೆಯದರ ಕೆಲಸ ಹೆಚ್ಚು ಚೆನ್ನಾಗಿ ನಡೆಯುತ್ತದೆ.

ಸಾರಜನಕದ ಸ್ವಭಾವ ಇದಕ್ಕೆ ತದ್ವಿರುದ್ಧ. ಇದನ್ನು ಅರಿಯಲು ವಿಜ್ಞಾನಿಗಳಿಗೂ ಸಮಯ ಹಿಡಿಯಿತು. ಗಿಡಕ್ಕೆ ಬೇಕಾದ ಖನಿಜಗಳ ಕುರಿತು 1840ರಲ್ಲಿ ಪುಸ್ತಕ ಬರೆದು ಹೆಸರಾದ ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್ 1845ರ ಸುಮಾರಿಗೆ ಇಂಗ್ಲೆಂಡಿನಲ್ಲಿ ತನ್ನದೇ ಒಂದು ಗೊಬ್ಬರವನ್ನು ಮಾರುಕಟ್ಟೆಗೆ ತಂದ. ಮಳೆಗೆ ಎಲ್ಲವೂ ತೊಳೆದುಹೋಗುತ್ತದೆ ಎಂಬ ಭಯದಿಂದ ಲವಣಗಳನ್ನು ಕಾಸಿ, ಸುಲಭವಾಗಿ ಕರಗದಂತೆ ಮಾಡಿದ್ದ. ಆ ಗೊಬ್ಬರ ಸೋತಿತು. ಕೆಲವು ವರ್ಷಗಳ ನಂತರ, 1850ರಲ್ಲಿ, ಥಾಮಸ್ ವೇ ಎಂಬ ರಸಾಯನಜ್ಞ ಮಣ್ಣು ಅಮೋನಿಯಂ, ಪೊಟ್ಯಾಷಿಯಂಗಳನ್ನು ನೀರಿನಿಂದ ಸೆಳೆದು ಹಿಡಿದಿಟ್ಟುಕೊಳ್ಳುತ್ತದೆ ಎಂದು ಪ್ರಯೋಗಗಳಿಂದ ತೋರಿಸಿದ. ಜೇಡಿಯ ಕಣಗಳೂ ಕಳಿತ ಸಾವಯವ ವಸ್ತುವೂ ಋಣ ವಿದ್ಯುದಂಶ ಹೊಂದಿರುವುದರಿಂದ ಧನ ಅಂಶಗಳನ್ನು ಹಿಡಿಯಬಲ್ಲವು. ಋಣ ಅಂಶವಿರುವ ನೈಟ್ರೇಟನ್ನು ಹಿಡಿಯಲಾರವು. ಯೂರಿಯಾ ಮಣ್ಣಿನಲ್ಲಿ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ, ಅದನ್ನು ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ, ಆ ನೈಟ್ರೇಟು ನೀರಿನೊಡನೆ ಕೆಳಕ್ಕೆ ಇಳಿದುಹೋಗುತ್ತದೆ. ಗೋಕರ್ಣದ ಕಡೆಯ ಹೊಯಿಗೆ (ಮರಳು) ನೆಲದಂಥ ಕಡೆ ಜೇಡಿ ಕಡಿಮೆಯಿರುವುದರಿಂದ ಪೊಟ್ಯಾಷಿಗೂ ಇದೇ ಗತಿ. ಅಂಥಲ್ಲಿ ಎರಡನ್ನೂ ಮೂರು ನಾಲ್ಕು ಕಂತುಗಳಲ್ಲಿ ಕೊಡದೆ ಬೇರೆ ದಾರಿಯಿಲ್ಲ.

ಇಷ್ಟಾದ ಮೇಲೆ ಆಯ್ಕೆ ಕಷ್ಟವಾಗುವುದಿಲ್ಲ. ಬೆಳೆಯೊಂದಕ್ಕೆ ಗುಂಟೆಗೆ 1 ಕಿಲೋ ಸಾರಜನಕ, ಅರ್ಧ ಕಿಲೋ ರಂಜಕ, ಅರ್ಧ ಕಿಲೋ ಪೊಟ್ಯಾಷ್ ಬೇಕೆಂದು ಇಟ್ಟುಕೊಳ್ಳೋಣ. 17:17:17 ಒಂದರಿಂದಲೇ ಸಾರಜನಕ ತುಂಬಿಸಲು ಹೋದರೆ 5.9 ಕಿಲೋ ಹಾಕಬೇಕಾಗುತ್ತದೆ. ಆಗ ರಂಜಕವೂ ಪೊಟ್ಯಾಷೂ ಬೇಕಾದದ್ದರ ಎರಡು ಪಟ್ಟು ಬೀಳುತ್ತವೆ. ಅದರ ಬದಲು 2.9 ಕಿಲೋ 17:17:17 ಹಾಕಿ, ಉಳಿದ ಅರ್ಧ ಕಿಲೋ ಸಾರಜನಕಕ್ಕೆ 1.1 ಕಿಲೋ ಯೂರಿಯಾವನ್ನು ಮೇಲುಗೊಬ್ಬರವಾಗಿ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. 10:26:26 ಆದರೆ 1.9 ಕಿಲೋ, ಜೊತೆಗೆ ಸುಮಾರು 1.75 ಕಿಲೋ ಯೂರಿಯಾ. ಹೊಯಿಗೆ ನೆಲಕ್ಕೆ ನನ್ನ ಆಯ್ಕೆ ಇವೆರಡೂ ಅಲ್ಲ: 1.1 ಕಿಲೋ ಡಿಎಪಿಯನ್ನು ಬುಡಕ್ಕೆ ಕೊಟ್ಟು, 1.75 ಕಿಲೋ ಯೂರಿಯಾ ಮತ್ತು 830 ಗ್ರಾಂ ಪೊಟ್ಯಾಷ್ ಗೊಬ್ಬರವನ್ನು (ಅದರಲ್ಲಿ ಪೊಟ್ಯಾಷ್ ಅಂಶ ಶೇ. 60) ಕಂತುಗಳಲ್ಲಿ ಹಾಕುವುದು. ನೀರಿನಲ್ಲಿ ಪೂರ್ತಿ ಕರಗುವ 19:19:19 ಹನಿ ನೀರಾವರಿಗೂ ಎಲೆಗೆ ಸಿಂಪಡಿಸಲಿಕ್ಕೂ ತಯಾರಾದದ್ದು. ಅಷ್ಟು ಬೆಲೆಯ ಪುಡಿಯನ್ನು ಮಣ್ಣಿಗೆ ಎರಚುವುದು ವ್ಯರ್ಥ. ನಿಮ್ಮ ನೆಲದ ನಿಜವಾದ ಅಗತ್ಯವನ್ನು ಮಣ್ಣು ಪರೀಕ್ಷೆ ಮಾತ್ರ ಹೇಳಬಲ್ಲದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಹುಳಿಯ ಮಟ್ಟವೂ ಸೇರಿ 12 ಅಂಶಗಳನ್ನು ನೋಡುತ್ತಾರೆ. ಚೀಟಿಯಲ್ಲಿ ರಂಜಕ ಈಗಾಗಲೇ ಹೆಚ್ಚಿದೆ ಎಂದಿದ್ದರೆ ಮಧ್ಯದ ಅಂಕಿ ದೊಡ್ಡದಾಗಿರುವ ಚೀಲವನ್ನು ಕೊಳ್ಳುವ ಅಗತ್ಯವೇ ಇಲ್ಲ.

ಕುಮಟಾದ ಸಿಹಿ ಈರುಳ್ಳಿಯ ವಿಷಯದಲ್ಲಿ ನಾಲ್ಕನೆಯ ಅಂಕಿಯೊಂದಿದೆ. ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣಗಳ ಕಡೆ ಬೆಳೆದು, ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ ಜಡೆ ಹೆಣೆದು ತೂಗುಹಾಕುವ ಆ ಈರುಳ್ಳಿಗೆ ಘಾಟು ಕಡಿಮೆ. ಈರುಳ್ಳಿಯ ಘಾಟು ಹುಟ್ಟುವುದು ಗಂಧಕದ ಸಂಯುಕ್ತಗಳಿಂದ. ಮಣ್ಣಿಗೆ ಗಂಧಕ ಹೆಚ್ಚಾದರೆ ಘಾಟು ಏರುತ್ತದೆ. 20:20:0:13 ಎಂಬ ಚೀಲದ ಕೊನೆಯ 13 ಗಂಧಕವೇ. ರಂಜಕಕ್ಕಾಗಿ ಹಾಕುವ ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿಯೂ ಶೇ. 11ರಷ್ಟು ಗಂಧಕವಿದೆ. ಗಂಧಕ ತೀರಾ ಇಲ್ಲದೆ ಯಾವ ಈರುಳ್ಳಿಯೂ ಬೆಳೆಯದು, ನಿಜ. ಆದರೆ ಸಿಹಿಗೆಂದೇ ಬೆಲೆ ಸಿಗುವ ತಳಿಗೆ ಗಂಧಕ ಕೊರತೆಯಿದೆ ಎಂದು ಪರೀಕ್ಷೆ ಹೇಳದ ಹೊರತು ಇವುಗಳನ್ನು ಧಾರಾಳವಾಗಿ ಸುರಿಯಬಾರದು.

ಹುಳಿ ಮಣ್ಣನ್ನು ಸರಿಪಡಿಸಲು ಸುಣ್ಣ ಬೇಕು. ಅಳಿವೆಗಳ ಚಿಪ್ಪಿನಿಂದ ಮಾಡಿದ ಸುಣ್ಣವಾದರೂ ಸರಿ, ಡಾಲಮೈಟ್ ಎಂಬ ಸುಣ್ಣದ ಕಲ್ಲಿನ ಪುಡಿಯಾದರೂ ಸರಿ, ಗೊಬ್ಬರಕ್ಕಿಂತ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಬೇಕು. ಯೂರಿಯಾ, ಡಿಎಪಿಗಳ ಜೊತೆಗೆ ಸುಣ್ಣವನ್ನಾಗಲಿ ಒಲೆಯ ಬೂದಿಯನ್ನಾಗಲಿ ಬೆರೆಸಿದರೆ ಮೂಗಿಗೆ ಹೊಡೆಯುವ ವಾಸನೆ ಏಳುವುದುಂಟು. ಅದು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತಿರುವ ಸಾರಜನಕ. ಬೂದಿಯಲ್ಲಿ ಒಳ್ಳೆಯ ಪೊಟ್ಯಾಷ್ ಇದೆ, ಅದನ್ನು ಬೇರೆ ದಿನ ಹಾಕಿದರಾಯಿತು.

ಮನೆಯಲ್ಲಿಯೇ ಮಿಶ್ರಣ ಮಾಡಿಕೊಳ್ಳುವವರು ನಮ್ಮ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಾಳಿಯ ತೇವಾಂಶ ಶೇ. 75ರ ಆಸುಪಾಸು ದಾಟಿದರೆ ಯೂರಿಯಾ ತಾನೇ ನೀರು ಹೀರತೊಡಗುತ್ತದೆ. ಬೇರೆ ಗೊಬ್ಬರದ ಜೊತೆ ಬೆರೆತಾಗ ಅದಕ್ಕಿಂತ ಕಡಿಮೆ ತೇವಾಂಶವೇ ಸಾಕು. ಸೂಪರ್ ಫಾಸ್ಫೇಟಿನ ಜೊತೆ ಬೆರೆತ ಯೂರಿಯಾ ರಾಸಾಯನಿಕ ಕ್ರಿಯೆಯಿಂದಲೇ ನೀರು ಬಿಟ್ಟು ಕೆಸರಿನಂತಾಗುತ್ತದೆ. ಆದ್ದರಿಂದ ಇವೆರಡನ್ನು ಬೆರೆಸದಿರುವುದೇ ಲೇಸು. ಉಳಿದ ಮಿಶ್ರಣಗಳನ್ನು ಹಾಕುವ ದಿನವೇ ಬೆರೆಸಿ ಅಂದೇ ಮುಗಿಸಬೇಕು. ಮಿಕ್ಕ ಚೀಲಗಳ ಬಾಯಿ ಬಿಗಿದು, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಬೇಕು.